ಬಿತ್ತದ ಸಾಲು

ಸೋದರತ್ತೆಯ ಎಡಗಣ್ಣಿನ ಹಸಿರು ಪಟ್ಟಿ ಬಿಚ್ಚಿದ ದಿನ
ಡಾಕ್ಟರು ಹೇಳಿದ್ದು ಇಷ್ಟು:
ಧೂಳು ಬೇಡ, ಒಲೆ ಮುಂದೆ ಕೂರುವುದು ಬೇಡ,
ಬಗ್ಗಿ ಏನನ್ನೂ ಎತ್ತಬೇಡಿ.
ನೋಡಬೇಡಿ ಅನ್ನಲಿಲ್ಲವಲ್ಲ, ಅಂದಳು ದೇವೀರಮ್ಮಣ್ಣಿ,
ನಡಿ, ಎಲ್ಲಾದರೂ ಕರಕೊಂಡು ಹೋಗು,
ಏನಾದರೂ ತೋರಿಸು.

ಅರಮನೆ ಬೇಡವಂತೆ, ಅದು ಮಬ್ಬಿನಲ್ಲೂ ಗೊತ್ತು.
ಬೆಟ್ಟಕ್ಕೆ ಮಂಡಿ ಒಪ್ಪದು.
ಹೀಗೆ ಬೇರೆ ದಾರಿ ತೋಚದೆ
ಆಸ್ಪತ್ರೆಯ ಹಿಂದಿನ ರಸ್ತೆಯ ಜಪಾನಿ ತೋಟ.
ಟಿಕೆಟ್ಟು ಇಪ್ಪತ್ತು, ಹಿರಿಯರಿಗೆ ಹತ್ತು.
ಗೇಟಿನ ಹುಡುಗ ಆಧಾರ್ ಕಾರ್ಡಿನ ಮುಖ ನೋಡಿ
ಕಪ್ಪು ಕನ್ನಡಕದ ಮುಖ ನೋಡಿ
ಎರಡಕ್ಕೂ ಸಂಬಂಧ ಹುಡುಕಲಾರದೆ
ಸುಮ್ಮನೆ ಒಳಗೆ ಬಿಟ್ಟ.

ಕನ್ನಡಕ ಹಣೆಗೇರಿಸಿ ಒಂದು ಕಣ್ಣು ಮುಚ್ಚುತ್ತಾಳೆ,
ಆಮೇಲೆ ಇನ್ನೊಂದು.
ಈ ಕಣ್ಣಲ್ಲಿ ಬಿಳುಪು, ಆ ಕಣ್ಣಲ್ಲಿ ಹಳೇ ತುಪ್ಪ.
ಇಷ್ಟು ವರ್ಷ ನಿಮ್ಮ ಮನೆ ಗೋಡೆಗೆ
ಅರಿಶಿನದ ಬಣ್ಣ ಅಂದ್ಕೊಂಡಿದ್ದೆ ಕಣೇ,
ಯಾಕೆ ಯಾರೂ ಹೇಳಲಿಲ್ಲ?

ಕೆಂಪು ಸೇತುವೆ ಸಿಮೆಂಟಿನದು,
ಮರದ ಎಳೆಗಳನ್ನು ಯಾರೋ ಕುಂಚದಲ್ಲಿ ಬಿಡಿಸಿದ್ದಾರೆ,
ಒಂದು ಗಂಟನ್ನೂ ಮರೆತಿಲ್ಲ.
ಕೆಳಗೆ ದಪ್ಪ ಮೀನುಗಳು,
ಮದುವೆ ಮನೆಯ ಹೆಂಗಸರಂತೆ ಸೆರಗು ಬೀಸುತ್ತ
ಎಲ್ಲಿಗೂ ಹೋಗುವ ಅವಸರವಿಲ್ಲದೆ.
ಮೂಲೆಯಲ್ಲಿ ಬಿದಿರಿನ ಕೊಳವೆ
ತುಂಬಿತು, ಬಾಗಿತು, ಚೆಲ್ಲಿತು,
ಬರಿದಾಗಿ ಹಿಂದಕ್ಕೆ ಕಲ್ಲಿನ ಮೇಲೆ ಟೊಕ್.
ಯಾರೋ ಬಂದ್ರು, ಅಂದಳು ಅತ್ತೆ.
ಯಾರೂ ಇಲ್ಲ, ನೀರು.
ಟೊಕ್.
ನೋಡು, ಚಿಲಕ ತೆಗಿ, ಬಂದ್ರು.

ಅದರಾಚೆ ಬಿಳಿ ಜಲ್ಲಿಯ ಅಂಗಳ,
ಗುಂಡಿಗೆ ಇಲ್ಲ, ಗುಡ್ಡೆ ಇಲ್ಲ,
ಉದ್ದಕ್ಕೂ ಗೀರಿದ ಗೆರೆ, ಕಲ್ಲು ಬಂದಲ್ಲಿ
ಗೆರೆ ಸುತ್ತಿ ಬಳೆಯಾಗಿ ಮತ್ತೆ ಮುಂದೆ.
ಪಕ್ಕದ ಫಲಕ ಓದಿ ಹೇಳಿದೆ:
ಇಲ್ಲಿರುವ ಕಲ್ಲು ಏಳು,
ಎಲ್ಲಿ ಕುಳಿತು ಎಣಿಸಿದರೂ ಕಾಣುವುದು ಆರೇ.
ಕಲ್ಲುಬೆಂಚಿನ ಮೇಲೆ ಕೂತೆವು.
ನಾನು ಎಣಿಸಿದೆ. ಆರು.
ಎದ್ದು ಆ ತುದಿಗೆ ಹೋಗಿ ಎಣಿಸಿದೆ. ಆರು.
ಅತ್ತೆ ಕೂತಲ್ಲೇ ಬೆರಳು ಮಡಿಸಿ
ಏಳು, ಅಂದಳು.
ಎಲ್ಲಿ?
ಆ ದೊಡ್ಡದರ ಪಕ್ಕ, ಹಸಿರುಗಿದೆ ನೋಡು.

ಹುಣಸೆ ಮೊಳಕೆ.
ಹೆಬ್ಬೆರಳಿನಷ್ಟೂ ಇಲ್ಲ,
ಒಡೆದ ಬೀಜದ ಸಿಪ್ಪೆಯನ್ನು
ಮಗುವಿನ ಟೋಪಿಯಂತೆ ಓರೆಯಾಗಿ ಹೊತ್ತು ನಿಂತಿದೆ.
ಯಾವ ಶಾಲೆಯ ಹುಡುಗ ಉಗುಳಿ ಹೋದನೋ.

ಹಲ್ಲಿನ ಕೋಲು ಹಿಡಿದು ಬಂದವನ ಹೆಸರು ಸಿದ್ದಜವರ,
ಮಳವಳ್ಳಿ ಕಡೆಯವನು.
ಹಲುವೆ ಚೆನ್ನಾಗಿ ಹೊಡೆದಿದ್ದೀಯಪ್ಪ,
ಏನು ಬಿತ್ತಿದ್ದೀರಿ ಇದರಲ್ಲಿ? ಅಂದಳು ಅತ್ತೆ.
ಅವನು ನಕ್ಕ. ಏನೂ ಬಿತ್ತಕ್ಕಿಲ್ಲ ಕಣವ್ವ.
ಊರಲ್ಲಿ ಅಲುವೆ ಹೊಡೀತಿದ್ದುದ್ದು
ರಾಗಿ ಹುಟ್ಲಿ ಅಂತ.
ಇಲ್ಲಿ ದಿನಾ ಬೆಳಗ್ಗೆ ಎಳೀತೀನಿ,
ಏನೂ ಹುಟ್ಟಬಾರ್ದು ಅಂತ.
ಸಂಬಳ ಮಾತ್ರ ಇದ್ರಲ್ಲೇ
ತಿಂಗಳ್ ತಿಂಗಳ್ಗೂ ಬತ್ತದೆ.

ಆಮೇಲೆ ಅವನೂ ಅದನ್ನು ಕಂಡ.
ಬಗ್ಗಿದ. ಎರಡು ಬೆರಳು ಸಾಕು ಅದಕ್ಕೆ.
ಅತ್ತೆ ಏನೂ ಅನ್ನಲಿಲ್ಲ,
ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಿದ್ದಳು,
ಒರೆಸಿದ್ದನ್ನೇ ಒರೆಸುತ್ತಿದ್ದಳು.
ಟೊಕ್, ಅಂದಿತು ಬಿದಿರು.

ಅವನು ನೆಟ್ಟಗಾಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ
ಕಲ್ಲಿಗೆ ಎಳೆಯುವ ಹಾಗೆಯೇ
ಮೊಳಕೆಯ ಸುತ್ತ ಒಂದು ಗೆರೆ ಎಳೆದ,
ಅದರ ಸುತ್ತ ಇನ್ನೊಂದು,
ತನ್ನ ಹೆಜ್ಜೆ ತಾನೇ ಅಳಿಸಿಕೊಂಡು ಹೊರಬಂದ.
ಸುಕ್ರವಾರದ ಗಂಟ ಇರ್ಲಿ.
ಸುಕ್ರವಾರ ಸಾಯೇಬ್ರು ಬತ್ತಾರೆ.

ನಾಲ್ಕು ಗಂಟೆಗೆ ಕಣ್ಣಿಗೆ ಹನಿ ಹಾಕಬೇಕು.
ಆಟೋದಲ್ಲಿ ಅವಳು ಅಂಗಡಿಯ ಹೆಸರೆಲ್ಲ
ಗಟ್ಟಿಯಾಗಿ ಓದುತ್ತ ಬಂದಳು,
ಚಾಲಕ ಎರಡು ಸಲ ತಿರುಗಿ ನೋಡಿದ.
ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಆಪರೇಷನ್ನು,
ತಾರೀಕು ಕೊಟ್ಟಿದ್ದಾರೆ, ಅಂದೆ.

ಮುಂದಿನ ತಿಂಗಳಾ, ಅಂದಳು.
ಶುಕ್ರವಾರದೊಳಗೆ ಆಗಲ್ಲವಾ?